ಬಾರ್ಬಿ ಬ್ರಿಟಿಷ್ ಸಿನಿಮಾ ಅಂತೆ, ಹಾಗಾದ್ರೆ ಬ್ರಿಟಿಷ್ ಸಿನಿಮಾ ಯಾವುದು?

ಬಾರ್ಬಿ ಬ್ರಿಟಿಷ್ ಸಿನಿಮಾ. ತಮಾಷೆ ಮಾಡ್ತಿಲ್ಲ. ಗೊಂಬೆ ಅಮೆರಿಕದ್ದು, ನಿರ್ದೇಶಕಿ ಅಮೆರಿಕದವರು, ದುಡ್ಡು ಹಾಕಿದ್ದು ಹಾಲಿವುಡ್ ಸ್ಟುಡಿಯೋ. ಆದರೆ ಆ ಗುಲಾಬಿ ಬಣ್ಣದ ಊರನ್ನು ಕಟ್ಟಿದ್ದು ಲಂಡನ್ನಿನ ಹೊರಗೆ, ವಾಟ್‌ಫರ್ಡ್ ಪಕ್ಕದ ಲೀವ್ಸ್‌ಡನ್ ಸ್ಟುಡಿಯೋದ ದೊಡ್ಡ ದೊಡ್ಡ ಶೆಡ್‌ಗಳಲ್ಲಿ. ಹಾಗಾಗಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್, ಅಂದರೆ ಬಿಎಫ್‌ಐ, 2023ರ ಲೆಕ್ಕ ತೆಗೆದಾಗ ಅದನ್ನು ಬ್ರಿಟನ್-ಅಮೆರಿಕ ಸಿನಿಮಾ ಎಂದೇ ಬರೆದುಕೊಂಡಿತು. ಆ ವರ್ಷ ಅಲ್ಲಿ ಅತಿ ಹೆಚ್ಚು ಗಳಿಸಿದ ಸಿನಿಮಾ ಕೂಡ ಅದೇ.

ಒಂದು ಸಿನಿಮಾ ಬ್ರಿಟಿಷ್ ಹೌದೋ ಅಲ್ಲವೋ ಎಂದು ನೋಡಲು ಅಲ್ಲೊಂದು ಪರೀಕ್ಷೆ ಇದೆ. ನಮ್ಮ ಎಸ್ಸೆಸ್ಸೆಲ್ಸಿ ಥರ ಅಂಕಗಳೂ ಇವೆ. ಒಟ್ಟು 35, ಪಾಸಾಗಲು 18 ಬೇಕು. ಕಥೆ ಬ್ರಿಟನ್ನಿನಲ್ಲಿ ನಡೆದರೆ ಇಷ್ಟು, ಪಾತ್ರಗಳು ಅಲ್ಲಿಯವರಾದರೆ ಇಷ್ಟು, ಮಾತು ಇಂಗ್ಲಿಷಿನಲ್ಲಿದ್ದರೆ 6, ಶೂಟಿಂಗು, ಗ್ರಾಫಿಕ್ಸು ಅಲ್ಲೇ ಆದರೆ ಒಂದಿಷ್ಟು, ಕೆಲಸ ಮಾಡಿದವರು ಅಲ್ಲಿಯವರಾದರೆ ಇನ್ನೊಂದಿಷ್ಟು. ಪಾಸಾದರೆ ಸರ್ಕಾರದಿಂದ ತೆರಿಗೆ ವಾಪಸಾತಿ ಸಿಗುತ್ತದೆ. ಹಾಲಿವುಡ್‌ನವರು ಅಟ್ಲಾಂಟಿಕ್ ದಾಟಿ ಬರುವುದಕ್ಕೆ ದೊಡ್ಡ ಕಾರಣ ಇದೇ. ಒಳ್ಳೆಯ ಕೆಲಸಗಾರರು, ಇಂಗ್ಲಿಷ್ ಭಾಷೆ, ಜೊತೆಗೆ ಬಿಲ್ಲಿನಲ್ಲಿ ರಿಯಾಯಿತಿ.

2024ರಲ್ಲಿ ಬ್ರಿಟನ್ನಿನಲ್ಲಿ ಸಿನಿಮಾ ತಯಾರಿಕೆಗೆ ಖರ್ಚಾದದ್ದು ಸುಮಾರು 210 ಕೋಟಿ ಪೌಂಡ್. ಕೇಳಿದರೆ ಕಣ್ಣು ಅರಳುತ್ತದೆ. ಅದರಲ್ಲಿ ಅಲ್ಲಿಯವರೇ, ಅಲ್ಲಿನ ದುಡ್ಡಿನಲ್ಲಿ ಮಾಡಿದ ಸಿನಿಮಾಗಳ ಪಾಲು ಹತ್ತರಲ್ಲಿ ಒಂದು ಅಂದುಕೊಳ್ಳಿ. ಮಿಕ್ಕಿದ್ದೆಲ್ಲ ಹೊರಗಿನಿಂದ ಬಂದು, ಶೆಡ್ ಬಾಡಿಗೆ ಹಿಡಿದು, ಕೆಲಸ ಮುಗಿಸಿ ಹೋಗುವ ಸಿನಿಮಾಗಳದ್ದು. ಪತ್ರಿಕೆಗಳಲ್ಲಿ ಒಂದು ದಿನ ‘ಬ್ರಿಟಿಷ್ ಚಿತ್ರರಂಗದ ಸುವರ್ಣಕಾಲ’ ಅಂತ ಬರುತ್ತದೆ, ಮರುವಾರ ‘ಬ್ರಿಟಿಷ್ ಸಿನಿಮಾ ಸಾಯುತ್ತಿದೆ’ ಅಂತ ಬರುತ್ತದೆ. ಎರಡೂ ಸುಳ್ಳಲ್ಲ. ಎರಡೂ ಬೇರೆ ಬೇರೆ ಸಿನಿಮಾದ ಮಾತು, ಅಷ್ಟೇ.

ನಮ್ಮ ಕಡೆಯ ಛತ್ರವನ್ನು ನೆನಪಿಸಿಕೊಳ್ಳಿ. ಮನೆಯವರದ್ದೇ ಛತ್ರ, ಮುಹೂರ್ತದ ದಿನಗಳೆಲ್ಲ ಮುಂಗಡ ಬುಕ್ಕಿಂಗ್, ಒಳ್ಳೆ ಬಾಡಿಗೆ. ಆದರೆ ತಮ್ಮದೇ ಮಗಳ ಮದುವೆ ಬಂದಾಗ ಒಂದು ದಿನವೂ ಖಾಲಿ ಇಲ್ಲ, ಅಡುಗೆಯವರೂ ಸಿಗುತ್ತಿಲ್ಲ, ಸಿಕ್ಕರೂ ಕೇಳುವ ಕೂಲಿ ಕೊಡೋಕಾಗಲ್ಲ. ಕೋವಿಡ್ ಮುಗಿದ ಮೇಲಿನ ಎರಡು ವರ್ಷ ಬ್ರಿಟನ್ನಿನ ಸಣ್ಣ ನಿರ್ಮಾಪಕರ ಸ್ಥಿತಿ ಹೀಗೇ ಇತ್ತು. ಕ್ಯಾಮೆರಾ ಅಸಿಸ್ಟೆಂಟು, ಲೈಟ್‌ನವರು, ಅಕೌಂಟೆಂಟು, ಎಲ್ಲರನ್ನೂ ಓಟಿಟಿ ಸೀರೀಸ್‌ನವರು ಎತ್ತಿಕೊಂಡು ಹೋಗುತ್ತಿದ್ದರು. ಕೂಲಿ ಏರಿತು. 20 ಲಕ್ಷ ಪೌಂಡಿನಲ್ಲಿ ಆಗುತ್ತಿದ್ದ ಸಿನಿಮಾ ಅದೇ ದುಡ್ಡಿಗೆ ಆಗುತ್ತಿರಲಿಲ್ಲ.

ಆಮೇಲೆ 2023ರಲ್ಲಿ ಹಾಲಿವುಡ್‌ನ ಬರಹಗಾರರೂ ನಟರೂ ಮುಷ್ಕರ ಹೂಡಿದರು. ಲಾಸ್ ಏಂಜಲೀಸಿನಲ್ಲಿ ಕೆಲಸ ನಿಂತರೆ ವಾಟ್‌ಫರ್ಡಿನಲ್ಲಿ ಬಡಗಿಗೆ ಕೆಲಸವಿಲ್ಲ. 2024ರ ಫೆಬ್ರವರಿಯಲ್ಲಿ ಬೆಕ್ಟು ಎಂಬ ಕಾರ್ಮಿಕ ಸಂಘ ತನ್ನ ಸದಸ್ಯರನ್ನು ಕೇಳಿದಾಗ ಸಿನಿಮಾ, ಟಿವಿ ಕೆಲಸದವರಲ್ಲಿ ಶೇಕಡಾ 68 ಮಂದಿ ಸದ್ಯ ಕೆಲಸವಿಲ್ಲ ಅಂದಿದ್ದರು. ಛತ್ರ ಬಾಡಿಗೆಯನ್ನೇ ನಂಬಿದ ಮನೆಯ ಕಥೆ ಇದು. ಬುಕ್ಕಿಂಗ್ ಇದ್ದಾಗ ನಮಗೆ ಜಾಗವಿಲ್ಲ, ಬುಕ್ಕಿಂಗ್ ಇಲ್ಲದಾಗ ನಮ್ಮ ಹತ್ತಿರ ದುಡ್ಡಿಲ್ಲ. 2025ರಲ್ಲಿ ಟ್ರಂಪ್ ಹೊರದೇಶದಲ್ಲಿ ತಯಾರಾದ ಸಿನಿಮಾಗಳ ಮೇಲೆ ಶೇಕಡಾ 100 ಸುಂಕ ಹಾಕುತ್ತೇನೆ ಎಂದು ಎರಡೆರಡು ಸಲ ಹೇಳಿದ ಮೇಲಂತೂ ಸ್ಟುಡಿಯೋ ಮಾಲೀಕರಿಗೆ ನಿದ್ದೆ ಕೆಟ್ಟಿತು.

ಹಾಗಾದರೆ ಅಲ್ಲಿ ದೊಡ್ಡ ಸ್ಟುಡಿಯೋಗಳ ಹಂಗಿಲ್ಲದ ಸ್ವತಂತ್ರ ಸಿನಿಮಾಗೆ ದುಡ್ಡು ಯಾರು ಕೊಡುತ್ತಾರೆ? ಮುಖ್ಯವಾಗಿ ಮೂರು ಬಾಗಿಲುಗಳು. ಒಂದು ಬಿಎಫ್‌ಐ, ಲಾಟರಿ ಟಿಕೆಟ್ ಮಾರಿ ಬಂದ ದುಡ್ಡನ್ನು ಹಂಚುವ ಸಂಸ್ಥೆ. ಎರಡನೆಯದು ಬಿಬಿಸಿ ಫಿಲ್ಮ್. ಮೂರನೆಯದು ಚಾನೆಲ್ 4ರ ಅಂಗವಾದ ಫಿಲ್ಮ್4. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನಲ್ಲಿ ಅವರವರ ಸಂಸ್ಥೆಗಳೂ ಇವೆ. ಆದರೂ ಕಳೆದ ಇಪ್ಪತ್ತು ವರ್ಷದಲ್ಲಿ ನೀವು ಹೆಸರು ಕೇಳಿರುವ ಯಾವುದೇ ಬ್ರಿಟಿಷ್ ಸಣ್ಣ ಸಿನಿಮಾ ತೆಗೆದುಕೊಳ್ಳಿ, ಶುರುವಿನ ಲೋಗೋಗಳಲ್ಲಿ ಈ ಮೂರರಲ್ಲಿ ಒಂದಾದರೂ ಇರುತ್ತದೆ ಎಂದು ಪಂದ್ಯ ಕಟ್ಟಬಹುದು.

ಟಿವಿ ಚಾನೆಲ್ಲು ಸಿನಿಮಾಗೆ ದುಡ್ಡು ಹಾಕುವುದು ನಮಗೆ ವಿಚಿತ್ರ ಅನಿಸಬಹುದು. ನಮ್ಮಲ್ಲಿ ಚಾನೆಲ್‌ನವರು ರೆಡಿ ಸಿನಿಮಾದ ಸ್ಯಾಟಲೈಟ್ ಹಕ್ಕು ಕೊಳ್ಳುತ್ತಾರೆ, ಅಷ್ಟೇ ಅಲ್ವಾ? ಚಾನೆಲ್ 4 ಶುರುವಾದದ್ದು 1982ರ ನವೆಂಬರಿನಲ್ಲಿ, ಮೊದಲ ದಿನದಿಂದಲೇ ಸಿನಿಮಾಗೆ ದುಡ್ಡು ಹಾಕುತ್ತಾ ಬಂತು. 1985ರಲ್ಲಿ ಸ್ಟೀಫನ್ ಫ್ರಿಯರ್ಸ್ ‘ಮೈ ಬ್ಯೂಟಿಫುಲ್ ಲಾಂಡ್ರೆಟ್’ ಅನ್ನು ಟಿವಿಗೆಂದೇ 16 ಎಂಎಂ ಫಿಲ್ಮಿನಲ್ಲಿ ತೆಗೆದರು. ಬರೆದವರು ಹನೀಫ್ ಕುರೇಶಿ. ಬಟ್ಟೆ ಒಗೆಯುವ ಅಂಗಡಿ ನಡೆಸುವ ಪಾಕಿಸ್ತಾನಿ ಮೂಲದ ಹುಡುಗ, ಅವನ ಬಿಳಿ ಪ್ರೇಮಿ. ಎಡಿನ್‌ಬರೋ ಉತ್ಸವದಲ್ಲಿ ಜನ ಮುಗಿಬಿದ್ದು ನೋಡಿದ ಮೇಲೆ ಅದನ್ನು ಥಿಯೇಟರಿಗೇ ಬಿಟ್ಟರು. ಟಿವಿ ದುಡ್ಡಿನಲ್ಲಿ ಹುಟ್ಟಿದ ಸಿನಿಮಾ ದೊಡ್ಡ ಪರದೆ ಮೇಲೆ ಗೆಲ್ಲಬಹುದು ಎಂದು ಅವತ್ತು ಗೊತ್ತಾಯಿತು.

ಈ ವ್ಯವಸ್ಥೆಯ ಬಲ ಎಷ್ಟೋ ಬಲಹೀನತೆಯೂ ಅಷ್ಟೇ. ಮೂರೇ ಬಾಗಿಲು. ಮೂರರ ಹಿಂದೆಯೂ ಒಂದು ರೀತಿಯಲ್ಲಿ ಸಾರ್ವಜನಿಕ ಹಿತದ ದುಡ್ಡು. ಸರ್ಕಾರದ ಮೂಡು ಬದಲಾದರೆ ಬಾಗಿಲಿನ ಅಳತೆಯೂ ಬದಲಾಗುತ್ತದೆ. 2010ರಲ್ಲಿ ಹೊಸ ಸರ್ಕಾರ ಬಂದು ಯುಕೆ ಫಿಲ್ಮ್ ಕೌನ್ಸಿಲ್ ಎಂಬ ಸಂಸ್ಥೆಯನ್ನೇ ಮುಚ್ಚುತ್ತೇವೆ ಅಂದಿತು. ಆ ಸಂಸ್ಥೆ 10 ಲಕ್ಷ ಪೌಂಡ್ ಹಾಕಿದ್ದ ‘ದಿ ಕಿಂಗ್ಸ್ ಸ್ಪೀಚ್’ 2011ರ ಫೆಬ್ರವರಿಯಲ್ಲಿ ಆಸ್ಕರ್ ಗೆದ್ದಾಗ ಕಚೇರಿಯಲ್ಲಿ ಸಾಮಾನು ಕಟ್ಟುತ್ತಿದ್ದರು. ಮಾರ್ಚ್ ಕೊನೆಗೆ ಬಾಗಿಲು ಹಾಕಿತು. 2022ರಲ್ಲಿ ಚಾನೆಲ್ 4 ಅನ್ನೇ ಖಾಸಗಿಯವರಿಗೆ ಮಾರುವ ಯೋಜನೆ ಬಂತು, 2023ರ ಜನವರಿಯಲ್ಲಿ ಅದನ್ನು ಕೈಬಿಟ್ಟರು. ಬ್ರೆಕ್ಸಿಟ್ ಆದ ಮೇಲೆ ಸಿನಿಮಾಗಳಿಗೆ ಯುರೋಪಿಯನ್ ಒಕ್ಕೂಟ ಕೊಡುವ ‘ಮೀಡಿಯಾ’ ಎಂಬ ನಿಧಿಯೂ ಹೋಯಿತು. ಅದರ ಬದಲು ಸರ್ಕಾರ ಶುರುಮಾಡಿದ ನಿಧಿ ಮೊದಲ ವರ್ಷ 70 ಲಕ್ಷ ಪೌಂಡ್.

ಇನ್ನು ಎಲ್ಲರೂ ಕುಣಿದಾಡಿದ ವಿಷಯಕ್ಕೆ ಬರೋಣ. 2024ರ ಮಾರ್ಚ್ ಬಜೆಟ್‌ನಲ್ಲಿ ಸ್ವತಂತ್ರ ಸಿನಿಮಾಗಳಿಗೆಂದೇ ಬೇರೆ ತೆರಿಗೆ ರಿಯಾಯಿತಿ ಘೋಷಣೆಯಾಯಿತು. ಆ ವರ್ಷ ಏಪ್ರಿಲ್ 1ರ ನಂತರ ಶೂಟಿಂಗ್ ಶುರುಮಾಡಿದ, ಒಂದೂವರೆ ಕೋಟಿ ಪೌಂಡ್ ಒಳಗಿನ ಬಜೆಟ್ಟಿನ ಸಿನಿಮಾಗಳಿಗೆ ಇದು ಪೂರ್ತಿ ಸಿಗುತ್ತದೆ, ಸ್ವಲ್ಪ ಮೇಲಿನವಕ್ಕೆ ಇಳಿಯುತ್ತಾ ಹೋಗುತ್ತದೆ. ನಿರ್ದೇಶಕರೋ ಮುಖ್ಯ ಬರಹಗಾರರೋ ಬ್ರಿಟನ್ನಿನವರಾಗಿರಬೇಕು, ಇಲ್ಲವೇ ಬೇರೆ ದೇಶದ ಜೊತೆ ಒಪ್ಪಂದದಲ್ಲಿ ಮಾಡಿದ ಸಿನಿಮಾ ಆಗಿರಬೇಕು. ಸರ್ಕಾರ ಬದಲಾದರೂ ಲೇಬರ್ ಪಕ್ಷ ಇದನ್ನು ಉಳಿಸಿಕೊಂಡಿತು.

ಎಲ್ಲರೂ ‘ಶೇಕಡಾ 40 ವಾಪಸ್’ ಅನ್ನುತ್ತಾರೆ. ಕೂತು ಲೆಕ್ಕ ಹಾಕೋಣ, ಸುಮ್ನೆ ನಂಬೋದು ಬೇಡ. 30 ಲಕ್ಷ ಪೌಂಡಿನ ಸಿನಿಮಾ ಅಂದುಕೊಳ್ಳಿ. ರಿಯಾಯಿತಿ ಸಿಗುವುದು ಖರ್ಚಿನ ಶೇಕಡಾ 80 ಭಾಗದ ಮೇಲೆ ಮಾತ್ರ, ಅಂದರೆ 24 ಲಕ್ಷದ ಮೇಲೆ. ಅದರ ಶೇಕಡಾ 53, ಅಂದರೆ 12 ಲಕ್ಷ 72 ಸಾವಿರ. ಆದರೆ ಈ ದುಡ್ಡೇ ಆದಾಯ ಎಂದು ಅದರ ಮೇಲೆ ಶೇಕಡಾ 25 ಕಂಪನಿ ತೆರಿಗೆ. ಕೊನೆಗೆ ಕೈಗೆ ಬರುವುದು 9 ಲಕ್ಷ 54 ಸಾವಿರ. ಒಟ್ಟು ಬಜೆಟ್ಟಿಗೆ ಹೋಲಿಸಿದರೆ ಶೇಕಡಾ 32ಕ್ಕೂ ಒಂಚೂರು ಕಮ್ಮಿ. ಮಾಮೂಲಿ ರಿಯಾಯಿತಿ ಶೇಕಡಾ 34ರದ್ದು. ಅದೇ ಲೆಕ್ಕ ಹಾಕಿದರೆ 6 ಲಕ್ಷ 12 ಸಾವಿರ ಸಿಗುತ್ತಿತ್ತು. ಈಗ 3 ಲಕ್ಷ 42 ಸಾವಿರ ಪೌಂಡ್ ಜಾಸ್ತಿ. ಸಣ್ಣ ಸಿನಿಮಾಗೆ ಇದು ಬಹಳ ದೊಡ್ಡ ಮೊತ್ತ, ಅನುಮಾನವೇ ಇಲ್ಲ. ಎಷ್ಟೋ ಸಿನಿಮಾ ಆಗುತ್ತದೋ ಇಲ್ಲವೋ ಅನ್ನುವುದು ಈ ಅಂತರದ ಮೇಲೇ ನಿಂತಿರುತ್ತದೆ.

ಒಂದು ತೊಡಕು ಇದೆ. ಈ ದುಡ್ಡು ಮೊದಲೇ ಬರುವುದಿಲ್ಲ. ಖರ್ಚು ಮಾಡಿ, ಲೆಕ್ಕ ಸಲ್ಲಿಸಿ, ಆಮೇಲೆ ಬರುತ್ತದೆ. ಶೂಟಿಂಗ್ ದಿನ ಊಟ ಹಾಕುವವರು ಅಲ್ಲಿಯವರೆಗೆ ಕಾಯುತ್ತಾರಾ? ಹಾಗಾಗಿ ನಿರ್ಮಾಪಕರು ಬರಬೇಕಾದ ದುಡ್ಡನ್ನು ತೋರಿಸಿ ಸಾಲ ಎತ್ತುತ್ತಾರೆ, ಬಡ್ಡಿ ಕಟ್ಟುತ್ತಾರೆ. ಸಬ್ಸಿಡಿ ಬರುತ್ತೆ ಅಂತ ಬಡ್ಡಿಗೆ ತಂದು ಸಿನಿಮಾ ಮಾಡಿದವರು ನಮ್ಮ ಗಾಂಧಿನಗರದಲ್ಲೂ ಇದ್ದಾರೆ, ಅವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನ ತಕರಾರು ಬೇರೆ ಕಡೆ ಇದೆ. ಸಿನಿಮಾ ಮಾಡುವ ಕಡೆಯ ಬಾಗಿಲನ್ನು ಅಗಲ ಮಾಡಿದರು. ತೋರಿಸುವ ಕಡೆಯ ಬಾಗಿಲು ಮೊದಲಿನಷ್ಟೇ ಇದೆ, ನಿಜ ಹೇಳಬೇಕೆಂದರೆ ಇನ್ನೂ ಕಿರಿದಾಗಿದೆ. ಒಳಗೆ ಜನ ತುಂಬಿಸಿ ಹೊರಗಿನ ಬಾಗಿಲು ಹಾಗೇ ಬಿಟ್ಟರೆ ಏನಾಗುತ್ತದೆ?

10 ಪೌಂಡಿನ ಒಂದು ಟಿಕೆಟ್ ತೆಗೆದುಕೊಳ್ಳಿ. ಅದರಲ್ಲಿ ಶೇಕಡಾ 20ರ ವ್ಯಾಟ್ ಸೇರಿದೆ. ಅದು ಹೋದರೆ 8 ಪೌಂಡ್ 33 ಪೆನ್ಸ್. ಸಣ್ಣ ಸಿನಿಮಾ ಆದರೆ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಥಿಯೇಟರಿಗೇ ಹೋಗುತ್ತದೆ. ಉಳಿದ ಮೂರು ಚಿಲ್ಲರೆ ಪೌಂಡ್ ವಿತರಕರ ಕೈಗೆ. ಅವರು ತಮ್ಮ ಕಮಿಷನ್ ಹಿಡಿಯುತ್ತಾರೆ, ಪೋಸ್ಟರು, ಟ್ರೇಲರು, ಜಾಹೀರಾತಿಗೆ ಹಾಕಿದ್ದನ್ನು ಹಿಡಿಯುತ್ತಾರೆ. ಅದಾದ ಮೇಲೆ ಮಾರಾಟದ ಏಜೆಂಟರ ಪಾಲು, ಸಾಲ ಕೊಟ್ಟವರ ಪಾಲು, ದುಡ್ಡು ಹೂಡಿದವರ ಪಾಲು. ಸಾಲಿನ ಕೊನೆಯಲ್ಲಿ ನಿಂತವರು ನಿರ್ಮಾಪಕರು. ಅವರ ಸಂಭಾವನೆಯನ್ನು ಶೂಟಿಂಗ್ ಸಮಯದಲ್ಲೇ ‘ಆಮೇಲೆ ತಗೊಳ್ತೀನಿ’ ಅಂತ ಬಿಟ್ಟುಕೊಟ್ಟಿರುತ್ತಾರೆ. ಆ ‘ಆಮೇಲೆ’ ಬರುವುದೇ ಅಪರೂಪ.

ಒಂದು ಮಂಗಳವಾರ ಸಂಜೆ ನಾನೊಂದು ಸಾಕ್ಷ್ಯಚಿತ್ರ ನೋಡಲು ಹೋಗಿದ್ದೆ. ಉತ್ತರ ಇಂಗ್ಲೆಂಡಿನ ಸಣ್ಣ ಥಿಯೇಟರು. ಹೊರಗೆ ಮಳೆ, ಒಳಗೆ ಹಳೇ ಕೆಂಪು ಸೀಟು, ಹೀಟರಿನದ್ದೇ ಒಂದು ವಾಸನೆ. ಪ್ರೇಕ್ಷಕರು ಏಳು ಜನ. ನಿರ್ದೇಶಕಿಯನ್ನೂ ಸೇರಿಸಿದರೆ ಎಂಟು. ಅವರು ಆ ದಿನ ಪ್ರಶ್ನೋತ್ತರಕ್ಕೆಂದು ಮೂರು ಗಂಟೆ ರೈಲಿನಲ್ಲಿ ಬಂದಿದ್ದರು. ಟಿಕೆಟ್ ತಾವೇ ತೆಗೆಸಿದ್ದಂತೆ. ಸಿನಿಮಾ ಚೆನ್ನಾಗಿತ್ತು, ಬಹಳ ಚೆನ್ನಾಗಿತ್ತು. ಆ ಊರಲ್ಲಿ ಅದಕ್ಕಿದ್ದದ್ದು ಅದೊಂದೇ ಶೋ. ನನಗೂ ಗೊತ್ತಾದದ್ದು ಹೇಗೆ ಗೊತ್ತಾ? ಶೌಚಾಲಯದ ಬಾಗಿಲಿಗೆ ಅಂಟಿಸಿದ್ದ ಎ4 ಹಾಳೆಯಿಂದ. ಪ್ರಚಾರಕ್ಕೆ ದುಡ್ಡಿಲ್ಲ ಅಂದರೆ ಏನು ಅಂತ ಅವತ್ತು ಅರ್ಥವಾಯಿತು.

ಇಂಥ ಥಿಯೇಟರುಗಳೇ ಈಗ ಅಲುಗಾಡುತ್ತಿವೆ. 2022ರ ಅಕ್ಟೋಬರಿನಲ್ಲಿ ಎಡಿನ್‌ಬರೋದ ಫಿಲ್ಮ್‌ಹೌಸ್, ಅಬರ್ಡೀನಿನ ಬೆಲ್ಮಾಂಟ್, ಎಡಿನ್‌ಬರೋ ಚಿತ್ರೋತ್ಸವ, ಮೂರನ್ನೂ ನಡೆಸುತ್ತಿದ್ದ ಸಂಸ್ಥೆ ಒಂದೇ ದಿನ ದಿವಾಳಿಯಾಯಿತು. ಕರೆಂಟ್ ಬಿಲ್ ಏರಿತ್ತು, ಕೋವಿಡ್ ನಂತರ ಜನ ಪೂರ್ತಿ ವಾಪಸ್ ಬಂದಿರಲಿಲ್ಲ. ಆ ಉತ್ಸವ 1947ರಲ್ಲಿ ಶುರುವಾದದ್ದೇ ಸಾಕ್ಷ್ಯಚಿತ್ರಗಳ ಉತ್ಸವವಾಗಿ. ಫಿಲ್ಮ್‌ಹೌಸ್ ಮತ್ತೆ ತೆರೆದದ್ದು 2025ರ ಜೂನಿನಲ್ಲಿ, ಊರಿನ ಜನ ಚಂದಾ ಎತ್ತಿ, ಹಟ ಹಿಡಿದ ಮೇಲೆ. ಲಂಡನ್ನಿನ ಲೆಸ್ಟರ್ ಸ್ಕ್ವೇರ್ ಪಕ್ಕದ ಪ್ರಿನ್ಸ್ ಚಾರ್ಲ್ಸ್ ಸಿನಿಮಾದ ಕಥೆ ಇನ್ನೊಂದು ಥರ. ಅಲ್ಲಿ ಜನ ತುಂಬುತ್ತಾರೆ. ತೊಂದರೆ ಬಂದದ್ದು ಜಾಗದಿಂದ. 2025ರ ಜನವರಿಯಲ್ಲಿ ಕಟ್ಟಡದ ಮಾಲೀಕರ ಹೊಸ ಗುತ್ತಿಗೆಯ ಷರತ್ತುಗಳನ್ನು ಕಂಡು ಅವರು ಜನರ ಮುಂದೆ ಹೋದರು, ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಸಿನಿಮಾ ಮಂದಿರಕ್ಕಿಂತ ಅದು ನಿಂತಿರುವ ಸೈಟು ದುಬಾರಿ. ಕೆಂಪೇಗೌಡ ರಸ್ತೆಯಲ್ಲಿ ಒಂದೊಂದಾಗಿ ಥಿಯೇಟರು ಉರುಳಿ ಕಾಂಪ್ಲೆಕ್ಸು ಎದ್ದದ್ದನ್ನು ಕಂಡವರಿಗೆ ಇದೇನು ಹೊಸದಲ್ಲ.

ಇನ್ನೊಂದು ಸಂಗತಿಯ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ, ಎರಡನೇ ಸಿನಿಮಾದ ಕಷ್ಟ. ಮೊದಲ ಸಿನಿಮಾಗೆ ಬ್ರಿಟನ್ನಿನಲ್ಲಿ ಪ್ರೀತಿ ಇದೆ. ಅದಕ್ಕೆಂದೇ ಬಿಎಫ್‌ಐ ನಿಧಿ ಇದೆ, ಅಲ್ಲಿನ ದೊಡ್ಡ ಸಿನಿಮಾ ಪ್ರಶಸ್ತಿಯಾದ ಬಾಫ್ಟಾದಲ್ಲಿ ಅದಕ್ಕೆಂದೇ ಒಂದು ವಿಭಾಗ ಇದೆ. ಆಮೇಲೆ? ಲಿನ್ ರ‍್ಯಾಮ್ಸೆಯಂಥ ನಿರ್ದೇಶಕಿಯ ಎರಡನೇ ಸಿನಿಮಾ ಬಂದದ್ದು 2002ರಲ್ಲಿ, ಮೂರನೆಯದು 2011ರಲ್ಲಿ. ಒಂಬತ್ತು ವರ್ಷ. ಟೆರೆನ್ಸ್ ಡೇವಿಸ್ 2000ದಲ್ಲಿ ಒಂದು ಕಥಾಚಿತ್ರ ಮಾಡಿದರು, ಮುಂದಿನ ಕಥಾಚಿತ್ರ 2011ರಲ್ಲಿ. ನಡುವೆ 2008ರಲ್ಲಿ ಅವರನ್ನು ಎತ್ತಿ ನಿಲ್ಲಿಸಿದ್ದು ತಮ್ಮ ಹುಟ್ಟೂರು ಲಿವರ್‌ಪೂಲ್ ಬಗ್ಗೆ ಸಣ್ಣ ದುಡ್ಡಿನಲ್ಲಿ, ಹೆಚ್ಚಾಗಿ ಹಳೆಯ ಚಿತ್ರತುಣುಕುಗಳನ್ನೇ ಜೋಡಿಸಿ ಮಾಡಿದ ಒಂದು ಸಾಕ್ಷ್ಯಚಿತ್ರ. ಅಷ್ಟು ದೊಡ್ಡವರಿಗೇ ಹೀಗಾದರೆ ಉಳಿದವರು ಜಾಹೀರಾತು ಮಾಡುತ್ತಾರೆ, ಸೀರೀಸಿನ ಎರಡು ಕಂತು ನಿರ್ದೇಶಿಸುತ್ತಾರೆ, ಕಾಲೇಜಿನಲ್ಲಿ ಪಾಠ ಹೇಳುತ್ತಾರೆ. ಅಪ್ಪನದ್ದೋ ಅಮ್ಮನದ್ದೋ ಮನೆ ಲಂಡನ್ನಿನಲ್ಲಿದ್ದರೆ ಬಾಡಿಗೆ ಚಿಂತೆಯಿಲ್ಲದೆ ಕಾಯಬಹುದು. ಇಲ್ಲದವರು ಕಾಯಲಾರರು. ಬ್ರಿಟಿಷ್ ಸಿನಿಮಾದಲ್ಲಿ ಕೂಲಿಕಾರರ ಮಕ್ಕಳು ಯಾಕೆ ಕಮ್ಮಿ ಎಂದು ದೊಡ್ಡ ದೊಡ್ಡ ಸಭೆ ನಡೆಸುತ್ತಾರಲ್ಲ, ಉತ್ತರ ಈ ಬಾಡಿಗೆ ಚೀಟಿಯಲ್ಲೇ ಇದೆ ಅನ್ನುವುದು ನನ್ನ ಅನಿಸಿಕೆ.

ಇದಕ್ಕೆ ಬೇರೆ ದಾರಿ ಹುಡುಕಿದವರೂ ಇದ್ದಾರೆ. ಮಾರ್ಕ್ ಜೆಂಕಿನ್ ಇರುವುದು ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ. 2019ರಲ್ಲಿ ಬಂದ ಅವರ ‘ಬೇಟ್’ ಅನ್ನು ತೆಗೆದದ್ದು ಬೋಲೆಕ್ಸ್ ಎಂಬ ಹಳೇ 16 ಎಂಎಂ ಕ್ಯಾಮೆರಾದಲ್ಲಿ. ಅದಕ್ಕೆ ಬ್ಯಾಟರಿ ಇಲ್ಲ, ಗಡಿಯಾರದ ಥರ ಕೀ ಕೊಡಬೇಕು. ಪೂರ್ತಿ ಕೀ ಕೊಟ್ಟರೂ ಅರ್ಧ ನಿಮಿಷ ಓಡುವುದಿಲ್ಲ. ಓಡುವಾಗ ಗರಗರ ಸದ್ದು, ಹಾಗಾಗಿ ಮಾತನ್ನು ಅಲ್ಲೇ ರೆಕಾರ್ಡ್ ಮಾಡುವ ಪ್ರಶ್ನೆಯೇ ಇಲ್ಲ. ಇಡೀ ಸಿನಿಮಾದ ಮಾತು, ಅಲೆ, ಬೂಟಿನ ಸದ್ದು, ಎಲ್ಲವನ್ನೂ ಆಮೇಲೆ ಕೂರಿಸಿದ್ದು. ಕಪ್ಪುಬಿಳುಪು ಫಿಲ್ಮನ್ನು ತಾವೇ ಕೈಯಾರೆ ತೊಳೆದರು. ಹಾಗಾಗಿ ಪರದೆ ಮೇಲೆ ಗೀರು, ಚುಕ್ಕೆ, ಮಿಣುಕು ಎಲ್ಲ ಕಾಣುತ್ತವೆ. ಡಬ್ಬಿಂಗ್ ಕೇಳುತ್ತಾ ಬೆಳೆದ ನಮಗೆ ಆ ತುಟಿಯೂ ಮಾತೂ ಒಂಚೂರು ಹೊಂದದಿರುವುದು ಹೊಸದೇನಲ್ಲ. ಅಲ್ಲಿಯವರಿಗೆ ಅದೇ ದೊಡ್ಡ ಆಶ್ಚರ್ಯ.

ಕಥೆ ಏನು? ದೋಣಿ ಇಲ್ಲದ ಮೀನುಗಾರ. ಅಣ್ಣತಮ್ಮಂದಿರ ಒಂದೇ ದೋಣಿಯನ್ನು ಅವನ ಒಡಹುಟ್ಟಿದವನು ಪ್ರವಾಸಿಗರ ಸವಾರಿಗೆ ಬಿಟ್ಟಿದ್ದಾನೆ. ಹುಟ್ಟಿದ ಮನೆಯನ್ನು ಲಂಡನ್ನಿನ ಶ್ರೀಮಂತರು ಕೊಂಡು ರಜೆಯ ಮನೆ ಮಾಡಿಕೊಂಡಿದ್ದಾರೆ, ಗೋಡೆ ಮೇಲೆ ಅಲಂಕಾರಕ್ಕೆ ಹಗ್ಗ, ಬಲೆ ತೂಗುಹಾಕಿದ್ದಾರೆ. ಮೀನು ಹಿಡಿಯುವವನ ಕೈಯಲ್ಲಿ ಇರಬೇಕಾದ ಬಲೆ ಮನೆಯ ಗೋಡೆಗೆ ಹೋಗಿದೆ. ಕೊಡಗಿನಲ್ಲೋ ಗೋಕರ್ಣದಲ್ಲೋ ಹೋಂಸ್ಟೇ ಊರು ನೋಡಿದವರಿಗೆ ಈ ಒಂದು ದೃಶ್ಯ ಸಾಕು. ಸಿನಿಮಾ ಬಾಫ್ಟಾ ಗೆದ್ದಿತು. ಜೆಂಕಿನ್ ಊರು ಬಿಡಲಿಲ್ಲ, ಅದೇ ಕಡಲಂಚಿನಲ್ಲಿ ಮುಂದಿನ ಸಿನಿಮಾಗಳನ್ನೂ ಮಾಡಿದರು. ಆದರೆ ಇದನ್ನು ಎಲ್ಲರಿಗೂ ಮಾದರಿ ಅಂತ ತೋರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬೋಲೆಕ್ಸ್ ಅವರು ಹುಡುಕಿಕೊಂಡ ಶೈಲಿ. ಅದನ್ನು ದುಡ್ಡು ಕೊಡದಿರಲು ನೆಪ ಮಾಡಿಕೊಂಡರೆ ಹೇಗೆ?

ಈಗ ಸಾಕ್ಷ್ಯಚಿತ್ರಕ್ಕೆ ಬರುತ್ತೇನೆ, ಅಲ್ಲಿ ಪರಿಸ್ಥಿತಿ ಇನ್ನೂ ಹದಗೆಟ್ಟಿದೆ. ಬ್ರಿಟಿಷ್ ಸಾಕ್ಷ್ಯಚಿತ್ರವೂ ಶುರುವಾದದ್ದು ಮೀನಿನ ದೋಣಿಯಿಂದಲೇ. 1929ರಲ್ಲಿ ಜಾನ್ ಗ್ರಿಯರ್ಸನ್ ಹೆರಿಂಗ್ ಮೀನುಗಾರರ ಬಗ್ಗೆ ಸಿನಿಮಾ ಮಾಡಿದರು. ದುಡ್ಡು ಕೊಟ್ಟದ್ದು ಸಾಮ್ರಾಜ್ಯದ ಸರಕು ಮಾರಾಟದ ಪ್ರಚಾರಕ್ಕಿದ್ದ ಸರ್ಕಾರಿ ಮಂಡಳಿ. ಆಮೇಲೆ 1933ರಿಂದ ಅಂಚೆ ಇಲಾಖೆಯ ಫಿಲ್ಮ್ ಘಟಕ. ಅಂಚೆ ರೈಲಿನ ಮೇಲೆ 1936ರಲ್ಲಿ ಮಾಡಿದ ಸಿನಿಮಾವನ್ನು ಇವತ್ತಿಗೂ ಫಿಲ್ಮ್ ಶಾಲೆಗಳಲ್ಲಿ ತೋರಿಸುತ್ತಾರೆ. ಸಾಕ್ಷ್ಯಚಿತ್ರಕ್ಕೆ ಟಿಕೆಟ್ ದುಡ್ಡು ಯಾವತ್ತೂ ಸಾಕಾಗಿಲ್ಲ, ಯಾರಾದರೂ ಒಬ್ಬ ಧಣಿ ಬೇಕೇ ಬೇಕಿತ್ತು. ಮೊದಲು ಸರ್ಕಾರ, ಆಮೇಲೆ ಟಿವಿ. ಈಗ ಟಿವಿ ಕೈ ಹಿಂದೆಗೆಯುತ್ತಿದೆ. ಬಿಬಿಸಿಯ ಲೈಸೆನ್ಸ್ ಶುಲ್ಕವನ್ನು 2022ರಿಂದ ಎರಡು ವರ್ಷ ಏರಿಸಲಿಲ್ಲ, ಅದೇ ಹೊತ್ತಿಗೆ ಬೆಲೆಗಳೆಲ್ಲ ಏರಿದವು. ಜಾಹೀರಾತು ಕಮ್ಮಿಯಾಗಿ ಚಾನೆಲ್ 4ಕ್ಕೂ ಏಟು ಬಿತ್ತು.

ತೆರಿಗೆ ರಿಯಾಯಿತಿ ಇದೆಯಲ್ಲ ಅನ್ನಬಹುದು. ಟಿವಿಗೆಂದು ಮಾಡಿದ ಸಾಕ್ಷ್ಯಚಿತ್ರಕ್ಕೆ ರಿಯಾಯಿತಿ ಬೇಕಾದರೆ ಗಂಟೆಗೆ ಕನಿಷ್ಠ 10 ಲಕ್ಷ ಪೌಂಡ್ ಖರ್ಚಾಗಿರಬೇಕು. ಗಂಟೆಗೆ 10 ಲಕ್ಷ! ಆನೆ, ಹಿಮಕರಡಿ ಹಿಂದೆ ಹೆಲಿಕಾಪ್ಟರಿನಲ್ಲಿ ಹೋಗುವವರಿಗೆ ಅದು ಸರಿ. ಮುಚ್ಚಿದ ಕಲ್ಲಿದ್ದಲು ಗಣಿಯ ಊರಿನಲ್ಲಿ ಮೂರು ವರ್ಷ ಒಬ್ಬರೇ ಕ್ಯಾಮೆರಾ ಹಿಡಿದು ಕೂತವರಿಗೆ ಆ ಸಂಖ್ಯೆ ಬೇರೆ ಗ್ರಹದ್ದು. ಥಿಯೇಟರಿಗೆಂದು ಮಾಡಿದರೆ ಸಿನಿಮಾ ರಿಯಾಯಿತಿಯ ದಾರಿ ಇದೆ. ಆದರೆ ಥಿಯೇಟರಿನ ಕಥೆ ಮೇಲೆ ಹೇಳಿದೆನಲ್ಲ, ಏಳು ಜನ. ಇನ್ನು ರಿಯಾಯಿತಿ ಸಿಗುವುದು ಖರ್ಚು ಮಾಡಿದ್ದಕ್ಕೆ. ಸಾಕ್ಷ್ಯಚಿತ್ರದಲ್ಲಿ ದೊಡ್ಡ ಖರ್ಚು ನಿರ್ದೇಶಕರ ಸಮಯ, ಅದಕ್ಕೆ ಅವರು ತಮಗೇ ಸಂಬಳ ಕೊಟ್ಟುಕೊಂಡಿರುವುದಿಲ್ಲ. ಖರ್ಚೇ ಆಗದ ದುಡ್ಡಿಗೆ ವಾಪಸಾತಿ ಎಲ್ಲಿಂದ ಬರಬೇಕು?

ಓಟಿಟಿಯಲ್ಲಿ ಡಾಕ್ಯುಮೆಂಟರಿ ಭಾರೀ ಓಡುತ್ತವೆ ನಿಜ. ಯಾವುವು? ಕೊಲೆಗಾರರವು, ಫುಟ್ಬಾಲ್ ಆಟಗಾರರವು, ಪಾಪ್ ಗಾಯಕರವು. ಕೊನೆಯ ಎರಡರಲ್ಲಿ ಎಷ್ಟೋ ಸಲ ಯಾರ ಮೇಲೆ ಚಿತ್ರವೋ ಅವರೇ ನಿರ್ಮಾಪಕರಲ್ಲೊಬ್ಬರು. ಅದು ನೋಡಲು ಚೆನ್ನಾಗಿರಬಹುದು, ಆದರೆ ಅದನ್ನು ಸಾಕ್ಷ್ಯ ಅನ್ನುವುದು ಹೇಗೆ? ಅದೇ ಹೊತ್ತಿಗೆ ಶೆಫೀಲ್ಡ್ ಡಾಕ್‌ಫೆಸ್ಟ್ ಎಂಬ ಸಾಕ್ಷ್ಯಚಿತ್ರ ಉತ್ಸವದಲ್ಲಿ 2022ರಲ್ಲಿ ಜನ ಮೆಚ್ಚಿ ಪ್ರಶಸ್ತಿ ಕೊಟ್ಟದ್ದು ಕಿಮ್ ಹಾಪ್ಕಿನ್ಸ್ ಮಾಡಿದ ‘ಎ ಬಂಚ್ ಆಫ್ ಅಮೆಚೂರ್ಸ್’ಗೆ. ಬ್ರಾಡ್‌ಫರ್ಡಿನಲ್ಲಿ 1932ರಿಂದ ಇರುವ ಹವ್ಯಾಸಿ ಸಿನಿಮಾ ಕ್ಲಬ್ಬು ಅದರ ವಸ್ತು. ಸದಸ್ಯರೆಲ್ಲ ವಯಸ್ಸಾದವರು, ಕಟ್ಟಡದ ಬಾಡಿಗೆ ಬಾಕಿ, ಛಾವಣಿ ಸೋರುತ್ತಿದೆ. ಒಬ್ಬರಿಗೆ ಹಳೇ ಹಾಲಿವುಡ್ ಸಂಗೀತಚಿತ್ರದ ಮೊದಲ ದೃಶ್ಯವನ್ನು, ಕುದುರೆ ಮೇಲೆ ಹಾಡುತ್ತಾ ಬರುವುದನ್ನು, ಮತ್ತೆ ತೆಗೆಯಬೇಕೆಂಬ ಆಸೆ. ವಯಸ್ಸು ಕುದುರೆ ಹತ್ತಲು ಬಿಡುತ್ತಿಲ್ಲ. ನಮ್ಮ ಊರಿನ ಹವ್ಯಾಸಿ ನಾಟಕ ಸಂಘ ಕಣ್ಣೆದುರು ಬಂತು ನನಗೆ.

ಧಣಿ ಒಬ್ಬರೇ ಆದಾಗ ಏನಾಗುತ್ತದೆ ಅನ್ನುವುದಕ್ಕೆ 2025ರಲ್ಲೇ ಉದಾಹರಣೆ ಸಿಕ್ಕಿತು. ಗಾಜಾದ ವೈದ್ಯರ ಮೇಲಿನ ಒಂದು ಸಾಕ್ಷ್ಯಚಿತ್ರವನ್ನು ಬಿಬಿಸಿಯೇ ಹೊರಗಿನ ತಂಡಕ್ಕೆ ಹೇಳಿ ಮಾಡಿಸಿತ್ತು. ಜೂನಿನಲ್ಲಿ, ಪಕ್ಷಪಾತದ ಭಾವನೆ ಬರಬಹುದು ಎಂದು, ತೋರಿಸುವುದಿಲ್ಲ ಅಂದಿತು. ಜುಲೈ 2ರಂದು ಚಾನೆಲ್ 4 ಅದನ್ನು ಪ್ರಸಾರ ಮಾಡಿತು. ಬಿಬಿಸಿ ಮಾಡಿದ್ದು ಸರಿಯೋ ತಪ್ಪೋ ಎಂದು ಅಲ್ಲಿ ಇನ್ನೂ ಜಗಳ ನಡೆದಿದೆ. ನಾನು ಗಮನಿಸಿದ್ದು ಇಷ್ಟು: ಇನ್ನೊಂದು ಬಾಗಿಲು ಇದ್ದದ್ದರಿಂದ ಆ ಚಿತ್ರ ಜನರ ಕಣ್ಣಿಗೆ ಬಿತ್ತು. 2022ರಲ್ಲಿ ಮಾರಲು ಹೊರಟಿದ್ದು ಇದೇ ಬಾಗಿಲನ್ನು.

ಹಾಗಾದರೆ ಪರಿಹಾರ? ಸಂಸತ್ತಿನ ಸಂಸ್ಕೃತಿ ಸಮಿತಿ 2025ರ ಏಪ್ರಿಲಿನಲ್ಲಿ ಒಂದು ವರದಿ ಕೊಟ್ಟಿತು. ಅದರಲ್ಲಿ ಎರಡು ಮಾತು ಮುಖ್ಯ. ಒಂದು, ಸಣ್ಣ ಸಿನಿಮಾಗಳ ಪ್ರಚಾರ ಮತ್ತು ಬಿಡುಗಡೆಯ ಖರ್ಚಿಗೂ ಶೇಕಡಾ 25 ತೆರಿಗೆ ರಿಯಾಯಿತಿ ಕೊಡಿ. ಎರಡು, ನೆಟ್‌ಫ್ಲಿಕ್ಸ್‌ನಂಥ ಕಂಪನಿಗಳು ಬ್ರಿಟನ್ನಿನ ಚಂದಾದಾರರಿಂದ ಗಳಿಸುವುದರಲ್ಲಿ ಶೇಕಡಾ 5ನ್ನು ಒಂದು ನಿಧಿಗೆ ಹಾಕಲಿ. ಫ್ರಾನ್ಸಿನಲ್ಲಿ ಇದಕ್ಕಿಂತ ಗಟ್ಟಿ ಕಾನೂನಿದೆ. ಅಲ್ಲಿ ಗಳಿಕೆಯ ಐದನೇ ಒಂದು ಭಾಗವನ್ನಾದರೂ ಫ್ರೆಂಚ್, ಯುರೋಪಿಯನ್ ಕೆಲಸಗಳಿಗೆ ಹಾಕಲೇಬೇಕು. ಬ್ರಿಟಿಷ್ ಸರ್ಕಾರ ಶೇಕಡಾ 5ಕ್ಕೂ ಒಪ್ಪಲಿಲ್ಲ. ಓಟಿಟಿಯವರ ವಾದ, ನಾವು ಈಗಾಗಲೇ ಇಲ್ಲಿ ಸಾಕಷ್ಟು ದುಡ್ಡು ಸುರಿಯುತ್ತಿದ್ದೇವೆ ಅನ್ನುವುದು. ನೆಟ್‌ಫ್ಲಿಕ್ಸ್ ಸೀರೀಸ್ ‘ಅಡಾಲೆಸೆನ್ಸ್’ ನೋಡಿ, ಯಾರ್ಕ್‌ಶೈರಿನಲ್ಲಿ ತೆಗೆದದ್ದು, ಜಗತ್ತೆಲ್ಲ ನೋಡಿತು. ಸುಳ್ಳಲ್ಲ, ಒಳ್ಳೆಯ ಕೆಲಸವೇ. ಆದರೆ ಅವರಿಗೆ ಇಷ್ಟವಾದದ್ದು ಮಾತ್ರ ಆಗುತ್ತದೆ, ಇಷ್ಟವಾಗದ ದಿನ ನಿಲ್ಲುತ್ತದೆ. ಮತ್ತೆ ಅದೇ ಛತ್ರದ ಬಾಡಿಗೆ. ನನ್ನನ್ನು ಕೇಳಿದರೆ ಆ 5ಕ್ಕಿಂತ ಮೊದಲು 25ರ ಕೆಲಸ ಆಗಲಿ. ದುಡ್ಡು ಕಮ್ಮಿ ಬೇಕು, ಅಮೆರಿಕದ ಸಿಟ್ಟಿಗೂ ಕಾರಣವಿಲ್ಲ, ಆ ಎ4 ಹಾಳೆಯ ಬದಲು ಬಸ್ ನಿಲ್ದಾಣದಲ್ಲಿ ಒಂದು ಪೋಸ್ಟರಾದರೂ ಬೀಳುತ್ತದೆ.

ಕೊನೆಗೆ ನಮಗೆ ಹತ್ತಿರದ ಒಂದು ಸಿನಿಮಾ. 2025ರ ಬಾಫ್ಟಾದಲ್ಲಿ ಹೊಸ ಬ್ರಿಟಿಷ್ ಪ್ರತಿಭೆಗಳ ಪ್ರಶಸ್ತಿಗೆ ಐದು ಸಿನಿಮಾ ಆಯ್ಕೆಯಾಗಿದ್ದವು. ಅದರಲ್ಲಿ ಮೂರರ ಕಥೆ ನಡೆಯುವುದು ಭಾರತದಲ್ಲಿ. ಒಂದು ‘ಸಂತೋಷ್’, ಸಂಧ್ಯಾ ಸೂರಿ ನಿರ್ದೇಶನದ್ದು, ಬಿಎಫ್‌ಐ ಮತ್ತು ಬಿಬಿಸಿ ಫಿಲ್ಮ್ ದುಡ್ಡು ಹಾಕಿದ್ದು. ಮೇಲೆ ಹೇಳಿದ ಪರೀಕ್ಷೆಯಲ್ಲಿ ಹಿಂದಿ ಮಾತಿಗೆ ಆ 6 ಅಂಕ ಸಿಗುವುದಿಲ್ಲ. ಆದರೂ ಆಸ್ಕರಿನ ಅಂತರರಾಷ್ಟ್ರೀಯ ವಿಭಾಗಕ್ಕೆ ಬ್ರಿಟನ್ ಆ ವರ್ಷ ಕಳಿಸಿದ್ದು ಇದೇ ಹಿಂದಿ ಸಿನಿಮಾವನ್ನು. ಇಂಗ್ಲಿಷ್ ಸಿನಿಮಾಗೆ ಆ ವಿಭಾಗದಲ್ಲಿ ಜಾಗವಿಲ್ಲ ನೋಡಿ.

ಸೂರಿ ಬಂದದ್ದು ಸಾಕ್ಷ್ಯಚಿತ್ರದಿಂದ. ಅವರ ತಂದೆ ವೈದ್ಯರು, 1965ರಲ್ಲಿ ಇಂಗ್ಲೆಂಡಿಗೆ ಹೋದವರು. ಅವರು ಎರಡು ಸೂಪರ್ 8 ಕ್ಯಾಮೆರಾ, ಎರಡು ಪ್ರೊಜೆಕ್ಟರ್, ಎರಡು ಟೇಪ್ ರೆಕಾರ್ಡರ್ ಕೊಂಡು ಒಂದೊಂದನ್ನು ಭಾರತದ ಮನೆಗೆ ಕಳಿಸಿದರು. ಅಲ್ಲಿಂದ ಹಿಮದ ರೀಲು ಬಂತು, ಇಲ್ಲಿಂದ ಮದುವೆ, ಹಬ್ಬದ ರೀಲು ಹೋಯಿತು, ಜೊತೆಗೆ ಟೇಪಿನಲ್ಲಿ ‘ಯಾವಾಗ ವಾಪಸ್ ಬರ್ತೀಯಾ’ ಅನ್ನುವ ತಂದೆತಾಯಿಯ ಕೊರಗು. ಅವನ್ನೆಲ್ಲ ಜೋಡಿಸಿ ಮಗಳು 2005ರಲ್ಲಿ ತಮ್ಮ ಮೊದಲ ಸಾಕ್ಷ್ಯಚಿತ್ರ ಮಾಡಿದರು. ಮೊದಲ ಕಥಾಚಿತ್ರ ಬರಲು 2024 ಆಯಿತು.

‘ಸಂತೋಷ್’ನಲ್ಲಿ ಗಂಡ ಪೊಲೀಸ್ ಪೇದೆ, ಗಲಭೆಯಲ್ಲಿ ಸಾಯುತ್ತಾನೆ. ಹೆಂಡತಿಗೆ ಅನುಕಂಪದ ಆಧಾರದ ಮೇಲೆ ಅವನ ನೌಕರಿ ಸಿಗುತ್ತದೆ. ನಿನ್ನೆಯವರೆಗೆ ಅತ್ತೆ ಮನೆಯಲ್ಲಿ ಬೈಸಿಕೊಳ್ಳುತ್ತಿದ್ದವಳ ಮೈಮೇಲೆ ಇವತ್ತು ಖಾಕಿ. ದಲಿತ ಹುಡುಗಿಯ ಕೊಲೆಯ ತನಿಖೆ, ಜಾತಿ, ಠಾಣೆಯೊಳಗಿನ ಏಟು. ಲಕ್ನೋ ಸುತ್ತಮುತ್ತ ತೆಗೆದ ಈ ಸಿನಿಮಾ ಭಾರತದಲ್ಲಿ 2025ರ ಜನವರಿಯಲ್ಲಿ ಬರಬೇಕಿತ್ತು. ಸೆನ್ಸಾರ್ ಮಂಡಳಿ ಉದ್ದದ ಕತ್ತರಿ ಪಟ್ಟಿ ಕೊಟ್ಟಿತು. ಅಷ್ಟೆಲ್ಲ ಕತ್ತರಿಸಿದರೆ ಸಿನಿಮಾವೇ ಉಳಿಯುವುದಿಲ್ಲ ಎಂದು ನಿಂತುಹೋಯಿತು. ಅಕ್ಟೋಬರ್ 17ಕ್ಕೆ ಓಟಿಟಿಯಲ್ಲಿ ಬರುತ್ತದೆ ಅಂದರು, ಅದೂ ರದ್ದಾಯಿತು.

ನಾನು ನೋಡಿದ್ದು ಇಂಗ್ಲೆಂಡಿನಲ್ಲಿ. ಅವತ್ತು ಥಿಯೇಟರು ಅರ್ಧ ತುಂಬಿತ್ತು, ಸಣ್ಣ ಸಿನಿಮಾಗೆ ಅದು ಹೌಸ್‌ಫುಲ್ ಇದ್ದ ಹಾಗೆ. ಮುಂದಿನ ಸಾಲಿನಲ್ಲಿ ಇಬ್ಬರು ಇಂಗ್ಲಿಷ್ ಅಜ್ಜಿಯರು ಸಬ್‌ಟೈಟಲ್ ಓದುತ್ತಾ ಒಬ್ಬರಿಗೊಬ್ಬರು ಪಿಸುಗುಟ್ಟುತ್ತಿದ್ದರು. ಹೊರಗೆ ಬಂದು ಅಕ್ಕನಿಗೆ ವಾಟ್ಸಾಪ್ ಮಾಡಿದೆ, ನೋಡಲೇಬೇಕು ಅಂತ. ಅಕ್ಕ ದಾವಣಗೆರೆಯವಳು, ಅವಳಿಗೂ ಅನುಕಂಪದ ಆಧಾರದ ಮೇಲೇ ಭಾವನ ಕೆಲಸ ಸಿಕ್ಕಿದ್ದು. “ಎಲ್ಲಿ ಬರುತ್ತೆ, ಹೇಳೋ” ಅಂತ ಕೇಳಿದಳು. ಆ ಮೆಸೇಜಿಗೆ ನಾನಿನ್ನೂ ಉತ್ತರ ಬರೆದಿಲ್ಲ.